ಸಂಪಾಜೆಯ ಖಾಲಿ ಚೌಕ

ಮೊನ್ನೆ ನನ್ನ ಸೈಕಲ್ ಕೊಳ್ಳಲು ವಿರಾಜಪೇಟೆಯಿಂದ ಯಾರೋ ಬರುವವರಿದ್ದರು. ಸೀಟಿನ ಕೆಳಗೆ ಕಟ್ಟಿದ್ದ ಚೀಲ ಬಿಚ್ಚಿದೆ. ಒಳಗಿನ ಕಾರ್ಡ್ ಕಣ್ಣಿಗೆ ಬೀಳುವ ಮುಂಚೆಯೇ ವಾಸನೆ ಬಂತು, ಮಂಡಿಗೆ ತಿಕ್ಕುವ ನೋವಿನೆಣ್ಣೆಯದು. ರೈಟರ್ ಕೂತು ಎದ್ದುಹೋದ ಕಡೆಯಲ್ಲೆಲ್ಲ ಆ ವಾಸನೆ ಸ್ವಲ್ಪ ಹೊತ್ತು ಉಳಿಯುತ್ತಿತ್ತು... ಕಾರ್ಡ್ ಅಲ್ಲಿದೆಯೆಂದು ನನಗೆ ಗೊತ್ತಿತ್ತು. ಇಷ್ಟು ವರ್ಷ ಆ ಚೀಲ ಮುಟ್ಟದೆ ಇದ್ದದ್ದೂ ಅದಕ್ಕೇ.

ಅವರು ಬಿಟ್ಟಂಗಾಲದ ಒಂದು ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಕೆಲಸದವರ ಹಾಜರಿ ಹಾಕುವವರು. ಮುಖ ಕಾಣದೆ ಯಾರ ಹೆಸರಿಗೂ ಗುರುತು ಹಾಕುತ್ತಿರಲಿಲ್ಲ, ತಡವಾದವರಿಗಾಗಿ ಪುಸ್ತಕ ಮುಚ್ಚದೆ ಕಾಯುವುದನ್ನೂ ಬಿಡುತ್ತಿರಲಿಲ್ಲ. ಮ್ಯಾನೇಜರ್ ಗೊಣಗಿದರೆ, ದಾರಿಯಲ್ಲಿರುತ್ತಾರೆ, ಬರುತ್ತಾರೆ ಎನ್ನುತ್ತಿದ್ದರು. ಐವತ್ತು ದಾಟಿದ ಮೇಲೆ ಅವರಿಗೆ ದೂರದ ಸೈಕಲ್ ಸವಾರಿಯ ಹುಚ್ಚು ಹಿಡಿದಿತ್ತು. ಮೂರ್ನಾಡಿನ ಗೊಬ್ಬರದಂಗಡಿಯಲ್ಲಿ ಕೂತು ಹೊಟ್ಟೆ ಬೆಳೆಸುತ್ತಿದ್ದ ನನಗೂ ಅದನ್ನು ಅಂಟಿಸಿದರು.

ಎರಡು ವರ್ಷ ಪ್ರತಿ ಭಾನುವಾರ ನನ್ನನ್ನು ಮಡಿಕೇರಿಯ ಚಡಾವಿಗೆ ಹತ್ತಿಸಿದರು. ಏದುಸಿರು ಬಂದರೆ ಗೇರ್ ಇಳಿಸು, ಮಾತಾಡುವಷ್ಟು ಉಸಿರು ಉಳಿಯಬೇಕು ಎನ್ನುತ್ತಿದ್ದರು. ಹಸಿವಾಗುವ ಮೊದಲೇ ತಿನ್ನಬೇಕೆಂದು ಬಾಳೆಲೆಯಲ್ಲಿ ಸುತ್ತಿದ ಕಡುಬನ್ನು ಬೆನ್ನಿನ ಜೇಬಿನಿಂದ ತೆಗೆದು ಕೊಡುತ್ತಿದ್ದರು. ಅವರ ಬೆವರಿಗೆ ಬೆಚ್ಚಗಾದ ಕಡುಬು! ನಾನು ಗೇಲಿ ಮಾಡುತ್ತಲೇ ತಿನ್ನುತ್ತಿದ್ದೆ.

ಇನ್ನೂರು, ಮುನ್ನೂರು, ನಾನೂರು, ಆರುನೂರು ಕಿಲೋಮೀಟರಿನ ನಾಲ್ಕು ಸವಾರಿಗಳನ್ನು ಒಂದೇ ವರ್ಷದೊಳಗೆ ಮುಗಿಸಿದವರಿಗೆ ಬೇರೆಯೇ ಒಂದು ಪದಕವಿದೆ. ಆ ವರ್ಷ ಇಬ್ಬರದೂ ಮೂರು ಮುಗಿದಿತ್ತು. ಅವರ ಮಂಡಿ ನೋಡಿದ ಡಾಕ್ಟರು ಸೈಕಲ್ ಸಾಕು ಎಂದಿದ್ದರು. ಇದೊಂದು ಆರುನೂರು ಆಗಲಿ ಎಂದು ಬೇಡಿಕೊಂಡು ಬಂದಿದ್ದರು. ಅವರಿಗೆ ಮುಂದಿನ ವರ್ಷ ಎಂಬುದು ಇರಲಿಲ್ಲ.

ಮೈಸೂರಿನಿಂದ ಹೊರಟು ಕರಾವಳಿ ಮುಟ್ಟಿ ಅದೇ ದಾರಿಯಲ್ಲಿ ವಾಪಸು ಬರಬೇಕಿತ್ತು. ದಾರಿಯಲ್ಲಿ ಗೊತ್ತುಪಡಿಸಿದ ಕಡೆಗಳಲ್ಲಿ, ಗೊತ್ತುಪಡಿಸಿದ ಹೊತ್ತಿನೊಳಗೆ, ಅವರವರ ಕಾರ್ಡಿಗೆ ಮುದ್ರೆ ಒತ್ತಿಸಿಕೊಳ್ಳಬೇಕು. ಒಂದು ಮುದ್ರೆ ತಪ್ಪಿದರೂ ಅಷ್ಟೂ ದೂರ ವ್ಯರ್ಥ. ಕರಾವಳಿಯಲ್ಲಿ ಮುದ್ರೆಯಾದ ಮೇಲೆ ಮಳೆ ಹೊಡೆಯಿತು. ಅವರ ಚೀಲದ ಜಿಪ್ ಕಿತ್ತುಹೋಗಿತ್ತು. ಒದ್ದೆಯಾಗದಿರಲೆಂದು ಅವರ ಕಾರ್ಡನ್ನು ನನ್ನ ಚೀಲದಲ್ಲಿಟ್ಟುಕೊಂಡೆ. ನನ್ನದು ಜೇಬಿನಲ್ಲಿತ್ತು. ಹೇಗೂ ಕೊನೆಯವರೆಗೆ ಜೊತೆಗೇ ಇರುತ್ತೇವಲ್ಲ!

ಮರುದಿನ ಬೆಳಿಗ್ಗೆ ಸುಳ್ಯ ದಾಟಿದಾಗ ಅವರ ಮಂಡಿ ಹಿಡಿದುಕೊಂಡಿತು. ನನ್ನ ಕಾಲಿಗೋ ಎಲ್ಲಿಲ್ಲದ ಹುರುಪು.

"ನೀ ಹೋಗು ಮಾರಾಯ. ನಾ ನನ್ನ ಲೆಕ್ಕದಲ್ಲಿ ಬರ್ತೇನೆ," ಎಂದರು.

ಹೋದೆ. ಕಾರ್ಡಿನ ನೆನಪು ಇಬ್ಬರಿಗೂ ಆಗಲಿಲ್ಲ. ಸಂಪಾಜೆಯ ಚಹಾದಂಗಡಿಯಲ್ಲಿ ಮುದ್ರೆಗೆಂದು ಕೂತಿದ್ದ ನಮ್ಮ ಸವಾರಿ ಸಂಘದ ಹುಡುಗಿ ನನ್ನ ಕಾರ್ಡಿಗೆ ಮುದ್ರೆ ಒತ್ತಿದಳು. ಘಾಟಿ ಹತ್ತತೊಡಗಿದೆ. ಮುಕ್ಕಾಲು ಗಂಟೆ ಹತ್ತಿದ ಮೇಲೆ ಕಡಲೆ ಮಿಠಾಯಿಗೆಂದು ಚೀಲಕ್ಕೆ ಕೈ ಹಾಕಿದರೆ ಅವರ ಕಾರ್ಡ್ ಸಿಕ್ಕಿತು.

ಗಡಿಯಾರ ನೋಡಿದೆ. ಸಂಪಾಜೆಯಲ್ಲಿ ಮುದ್ರೆಯ ಹೊತ್ತು ಮುಗಿಯಲು ಇನ್ನೂ ಅರ್ಧ ಗಂಟೆಯಿತ್ತು. ಇಳಿಜಾರು, ಇಪ್ಪತ್ತು ನಿಮಿಷ ಸಾಕು. ಆದರೆ ಇಳಿದದ್ದನ್ನೆಲ್ಲ ಮತ್ತೆ ಹತ್ತಬೇಕು, ನನ್ನ ಸಮಯವೇ ತಪ್ಪಿದರೆ? ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಆ ಹುಡುಗಿ ಒಂದು ಚೀಟಿಗಾದರೂ ಸಹಿ ಹಾಕಿಕೊಡುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಅಲ್ಲೇ ಒಂದು ಕಾಲು ಊರಿ ನಿಂತಿದ್ದೆ, ಎಷ್ಟು ಹೊತ್ತೋ... ಆಮೇಲೆ ಮೇಲಕ್ಕೇ ತುಳಿದೆ.

ನನಗೆ ಪದಕ ಬಂತು. ಅವರಿಗೆ ಬರಲಿಲ್ಲ. ಮುಂದಿನ ಭಾನುವಾರ ನನ್ನ ಅಂಗಡಿಗೆ ಬಂದು, ಬೆಂಚಿನ ಮೇಲೆ ಕಾಲು ಚಾಚಿ ಕೂತು, ಒಂದೇ ಒಂದು ಮಾತು ಕೇಳಿದರು.

"ನಿಂಗೆ ಗೊತ್ತಾದ್ದು ಮಡಿಕೇರಿಗೆ ಹೋದ ಮೇಲಲ್ವಾ?"

"ಹೌದು ರೈಟರೇ. ಚೀಲ ತೆಗ್ದದ್ದೇ ಅಲ್ಲಿ."

"ಹಾಗಾದ್ರೆ ಎಂಥ ಮಾಡ್ಲಿಕ್ಕಾಗ್ತದೆ, ಬಿಡು," ಎಂದರು. ಮತ್ತೆಂದೂ ಆ ಮಾತೆತ್ತಲಿಲ್ಲ. ಕಾರ್ಡನ್ನೂ ಕೇಳಲಿಲ್ಲ, ನಾನೂ ಕೊಡಲಿಲ್ಲ. ಅವರ ಸೈಕಲ್ ಎಸ್ಟೇಟಿನ ಗೋದಾಮಿನ ಗೋಡೆಗೆ ಏರಿತು. ನಾನು ಅತ್ತ ಹೋಗುವುದನ್ನೇ ಕಡಿಮೆ ಮಾಡಿದೆ.

ಹೋದ ವರ್ಷ ಕಾಫಿ ಹೂವಿನ ಹೊತ್ತಿಗೆ ಅವರು ತೀರಿಕೊಂಡರು. ಸಾವಿನ ಮನೆಯಲ್ಲಿ ಆ ಸಂಪಾಜೆಯ ಹುಡುಗಿ ಸಿಕ್ಕಿದಳು. ನಾನು ಕೇಳಿರಲಿಲ್ಲ, ಅವಳೇ ಹೇಳಿದಳು. ಅವತ್ತು ಹೊತ್ತು ಮುಗಿಯುವ ಮೊದಲೇ ರೈಟರ್ ಬಂದಿದ್ದರಂತೆ. ಚೀಟಿಗೆ ಸಹಿ ಹಾಕಿಕೊಡಲೇ ಎಂದು ಇವಳೇ ಕೇಳಿದರೂ ಒಪ್ಪದೆ, ಹೊರಗಿನ ಬೆಂಚಿನಲ್ಲಿ ಘಾಟಿಯ ಕಡೆಗೆ ಮುಖ ಮಾಡಿ ಕೂತರಂತೆ. ಹೊತ್ತು ಮೀರಿ ಇವಳು ಮುದ್ರೆ ಎತ್ತಿಟ್ಟ ಮೇಲೂ ಒಂದು ಗಂಟೆ ಅಲ್ಲಿಂದ ಏಳಲಿಲ್ಲವಂತೆ.

"ನೆನಪಾದ ಕೂಡ್ಲೆ ತಿರುಗ್ತಾನೆ ಅವ, ದಾರಿಲಿರ್ತಾನೆ ಅಂತ ಹೇಳ್ತಾನೇ ಇದ್ರು," ಎಂದಳು.

ನಾನು ಹೆಣದ ಮುಖ ನೋಡದೆ ಮನೆಗೆ ಬಂದೆ.

ಮೊನ್ನೆ ಕಾರ್ಡ್ ಬಿಡಿಸಿ ನೋಡಿದೆ. ಕರಾವಳಿಯವರೆಗಿನ ಮುದ್ರೆಗಳು ನೀಲಿಯಾಗಿ ಹಾಗೇ ಇವೆ. ಅವುಗಳ ಪಕ್ಕದ ಸಂಪಾಜೆಯ ಚೌಕ ಖಾಲಿ. ಸೈಕಲ್ ಕೊಳ್ಳುವವರು ಬಂದರು, ಚೀಲ ಬಿಟ್ಟು ಉಳಿದದ್ದನ್ನೆಲ್ಲ ಕೊಟ್ಟೆ. ಕಾರ್ಡನ್ನು ಮತ್ತೆ ಚೀಲದೊಳಗಿಟ್ಟು ಜಿಪ್ ಎಳೆದೆ. ಈಗ ತಿರುಗಿ ಇಳಿದರೂ ಆ ಬೆಂಚಿನಲ್ಲಿ ಯಾರೂ ಇಲ್ಲ.