ಬೇಕೆಂದೇ ಇಳಿಸಿಕೊಂಡ ರೇಟಿಂಗ್

ನಾನು ಮಸ್ಕಿಗೆ ಸೊಸೆಯಾಗಿ ಬಂದಾಗ ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ಮೊಬೈಲಿನಲ್ಲಿ ಕತ್ತಿ ಕಾಳಗದ ಆಟ ಆಡುತ್ತಿದ್ದಳು. ಎದುರಾಳಿ ಎಲ್ಲೋ ಕೂತು ಆಡುವ ನಿಜವಾದ ಮನುಷ್ಯ. ಗೆದ್ದರೆ ರೇಟಿಂಗ್ ಏರುತ್ತದೆ, ಸೋತರೆ ಇಳಿಯುತ್ತದೆ. ಹೆಚ್ಚುಕಡಿಮೆ ನಿಮ್ಮಷ್ಟೇ ರೇಟಿಂಗ್ ಇರುವವರನ್ನು ಆಟವೇ ಹುಡುಕಿ ನಿಮ್ಮೆದುರು ನಿಲ್ಲಿಸುತ್ತದೆ. ಕುಕ್ಕರು ಕೂಗುವ ತನಕ ಅಡುಗೆಕಟ್ಟೆಗೆ ಒರಗಿ ನಿಂತು ಅವಳೇ ನನಗೆ ಕಲಿಸಿದಳು. ನಾನು ಅವಳನ್ನು ಅಕ್ಕ ಎಂದೇ ಕರೆಯುವುದು. ನಾವು ಜೋಡಿಯಾಗಿ ಆಡತೊಡಗಿದೆವು. ಮನೆಯವರು ನಗುತ್ತಿದ್ದರು. ನಗಲಿ ಎಂದು ಬಿಟ್ಟೆವು.

ಕಳೆದ ವರ್ಷ ಸಿಂಧನೂರಿನ ಕಲ್ಯಾಣ ಮಂಟಪವೊಂದರಲ್ಲಿ ಈ ಆಟದ ಪಂದ್ಯ ಏರ್ಪಟ್ಟಿತು. ಮೇಲಿನ ರೇಟಿಂಗಿನವರ ಗುಂಪು ಬೇರೆ, ನಮ್ಮಂಥ ನಡುವಿನವರದು ಬೇರೆ. ಕತ್ತಿ, ಕವಚ ಎಲ್ಲರಿಗೂ ಒಂದೇ ಮಟ್ಟದವು ಎಂದು ಪಂದ್ಯ ನಡೆಸುವವನು ಫೋನಿನಲ್ಲಿ ಮಾತು ಕೊಟ್ಟಿದ್ದ. ಆ ಮಾತು ನಂಬಿಯೇ ನಾವು ಬಸ್ಸು ಹತ್ತಿದ್ದು. ಏಕೆಂದರೆ ಆಟದೊಳಗೆ ದುಡ್ಡು ಕೊಟ್ಟು ಕೊಳ್ಳುವ ಬಲವಾದ ಕತ್ತಿ ನಮ್ಮಲ್ಲಿರಲಿಲ್ಲ.

ಕೊನೆಯ ಆಟದವರೆಗೂ ಗೆಲ್ಲುತ್ತಾ ಹೋದೆವು. ಕೊನೆಯಲ್ಲಿ ಎದುರಾದವರು ಲಿಂಗಸುಗೂರಿನ ಇಬ್ಬರು ಗಂಡಸರು. ಶುರುವಾದ ಕೂಡಲೇ ಏನೋ ಸರಿಯಿಲ್ಲ ಅನ್ನಿಸಿತು. ನನ್ನ ಕತ್ತಿ ಎಷ್ಟು ಬೀಸಿದರೂ, ಉಳಿದ ಜೀವ ಎಷ್ಟೆಂದು ಪರದೆಯ ಮೇಲೆ ತೋರಿಸುವ ಅವರ ಪಟ್ಟಿ ಕದಲಲಿಲ್ಲ. ಅವರ ಒಂದೇ ಏಟಿಗೆ ನಾನು ನೆಲಕ್ಕೆ ಬಿದ್ದೆ. ಅಕ್ಕ ಒಬ್ಬಳೇ ಸ್ವಲ್ಪ ಹೊತ್ತು ತಪ್ಪಿಸಿಕೊಂಡು ಓಡಾಡಿದಳು, ಆಮೇಲೆ ಅವಳೂ ಬಿದ್ದಳು. ಆಟ ಮುಗಿದ ಮೇಲೆ ಅವರಲ್ಲೊಬ್ಬನ ಪ್ರೊಫೈಲ್ ತೆಗೆದು ನೋಡಿದೆ. ಹಿಂದಿನ ಸೀಸನ್ನಿನಲ್ಲಿ ಅವನಿಗೆ ಮೇಲಿನ ರೇಟಿಂಗಿನವರಿಗೆ ಸಿಗುವ ಬ್ಯಾಡ್ಜ್. ಈಚಿನ ಆಟಗಳಲ್ಲಿ ಮಾತ್ರ ಒಂದರ ಹಿಂದೊಂದು ಸೋಲು. ಕೆಳಗಿನ ಗುಂಪಿಗೆ ಬರಲೆಂದು ಬೇಕೆಂದೇ ಸೋತಿದ್ದ. ಹಿಡಿದ ಕತ್ತಿಯೂ ದುಡ್ಡು ಕೊಟ್ಟು ಕೊಂಡದ್ದೇ.

ಮೈಯೆಲ್ಲ ಉರಿಯಿತು. ನಡೆಸುವವನ ಮೇಜಿಗೆ ಹೋಗಿ ಫೋನು ಅವನ ಮುಖಕ್ಕೇ ಹಿಡಿದೆ.

"ಕತ್ತಿ ಎಲ್ಲರಿಗೂ ಒಂದೇ ಅಂದಿದ್ರಲ್ಲ?"

"ಆ ಸೆಟ್ಟಿಂಗ್ ಹಾಕೋದು ಮರ್ತೀನ್ರೀ," ಎಂದು ಅವನು ನಕ್ಕ. "ಹೆಣ್ಮಕ್ಕಳು ಇಲ್ಲಿ ತನಕ ಬಂದೀರಿ, ಅದೇ ದೊಡ್ಡದು. ಎರಡನೇ ಬಹುಮಾನ ತಗೊಂಡು ಫೋಟೋಕ್ಕ ನಿಂದ್ರಿ."

ಆ ನಗು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ. ನಾವು ಆಡಲು ಹೋಗಿದ್ದೆವು, ಅವನ ಫೋಟೋ ತುಂಬಿಸಲು ಅಲ್ಲ.

ಅಕ್ಕ ನನ್ನನ್ನು ಮೇಜಿನ ಬಳಿಯೇ ಬಿಟ್ಟು ನೇರ ಆ ಬ್ಯಾಡ್ಜಿನ ಎದುರಾಳಿಯ ಬಳಿ ಹೋದಳು. "ಅಣ್ಣಾ, ಇಬ್ಬರೂ ಆಟ ಪುಕ್ಕಟೆ ಕೊಡೋ ಮೊದಲಿನ ಕತ್ತಿನೇ ಹಿಡಿಯೋಣು. ಒಂದ್ ಆಟ ಆಡ್ತಿ ಏನು?"

ಸುತ್ತ ಜನ ನೆರೆದರು. ಅವನಿಗೆ ಇಲ್ಲವೆನ್ನಲು ಆಗಲಿಲ್ಲ. ಆ ಆಟ ನೋಡುವಂತಿತ್ತು. ಇಬ್ಬರ ಪಟ್ಟಿಯೂ ಹಂತಹಂತವಾಗಿ ಇಳಿಯಿತು. ಕೊನೆಗೆ ಕೂದಲೆಳೆಯಲ್ಲಿ ಅಕ್ಕ ಸೋತಳು. ಸೋತವಳೇ ನಕ್ಕು, "ಚಂದ ಆಡ್ತಿಯಪ್ಪ," ಎಂದಳು.

ನನ್ನ ಸಿಟ್ಟು ಇಮ್ಮಡಿಯಾಯಿತು. "ಇಷ್ಟ್ ಚಲೋ ಆಡಾಕ ಬರ್ತೈತಿ. ಮತ್ಯಾಕ ಕಳ್ಳರಂಗ ಕೆಳಗ ಇಳಿದು ಬಂದಿ?" ಎಂದು ಕೂಗಿದೆ.

ಅವನು ತಲೆ ತಗ್ಗಿಸಿದ. "ಮ್ಯಾಲಿನ ಗುಂಪಿನ್ಯಾಗ ಮೊದಲನೇ ಆಟಕ್ಕೇ ಹೊರಗ ಬೀಳ್ತೀನ್ರೀ. ಒಮ್ಮೆರ ಗೆದ್ದು ನೋಡಬೇಕಾಗಿತ್ತು."

ಹಾಗಾದರೆ ನಮಗೆ ಗೆಲ್ಲುವ ಆಸೆ ಇರಲಿಲ್ಲವೇ? ಅವನ ಆಸೆ ತೀರಿಸಲು ನಾವೇ ಆಗಬೇಕಿತ್ತೇ? ಬಹುಮಾನವನ್ನು ಮೇಜಿನ ಮೇಲೆಯೇ ಬಿಟ್ಟು ಹೊರಬಂದೆವು. ಬಸ್ಸಿನಲ್ಲಿ ಅಕ್ಕ ಆ ಕೊನೆಯ ಆಟದ ಬಗ್ಗೆ ಖುಷಿಯಿಂದ ಮಾತಾಡುತ್ತಲೇ ಇದ್ದಳು. ನಾನು ಮಸ್ಕಿ ಬರುವವರೆಗೂ ಅವನು ಬೇಕೆಂದೇ ಸೋತ ಆಟಗಳನ್ನು ಫೋನಿನಲ್ಲಿ ಎಣಿಸುತ್ತಾ ಕೂತೆ.

ಈ ವರ್ಷವೂ ಆ ಪಂದ್ಯ ನಡೆಸುವವನು ಫೋನ್ ಮಾಡಿದ್ದ. ಆಟಕ್ಕೆ ಮೊದಲು ಸೆಟ್ಟಿಂಗನ್ನೂ ಎಲ್ಲರ ಹಳೆಯ ಬ್ಯಾಡ್ಜನ್ನೂ ದೊಡ್ಡ ಪರದೆಯ ಮೇಲೆ ತೋರಿಸಿ ಎಂದೆ.

"ಇಷ್ಟು ಅನುಮಾನ ಇದ್ರ ಬರಬ್ಯಾಡ್ರಿ," ಎಂದು ಫೋನ್ ಇಟ್ಟ.

ಹೋಗಲಿಲ್ಲ. ಅಕ್ಕ ಎಂದೋ ಮರೆತಿದ್ದಾಳೆ. ನನಗೆ ಮರೆಯುವ ಮನಸ್ಸಿಲ್ಲ.