ಬುರುಡೆಯ ಮೇಲಿನ ಗೀರು

ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ಊದಿ ಮಾಡುವ ಹೆಂಗಸನ್ನು ಎಲ್ಲರೂ ಗಾಜಕ್ಕ ಎನ್ನುತ್ತಿದ್ದರು. ಕೆಲಸ ಕಲಿಸಿದ್ದು ಅವಳ ಅಪ್ಪ. ಗಾಳಿ ತೆಗೆದ ಗಾಜಿನ ಬುರುಡೆಯೊಂದು ಒಳಕ್ಕೆ ಕುಸಿದು ಚೂರುಗಳು ಸಿಡಿದಾಗ ಅಪ್ಪನ ಒಂದು ಕಣ್ಣು ಹೋಗಿತ್ತು. ಅಂದಿನಿಂದ ಗಾಜಕ್ಕನಿಗೆ ನಿರ್ವಾತದ ಬುರುಡೆ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ಹಾಗೆಂದು ಕೆಲಸ ಬಿಟ್ಟಳೇ? ಹೆದರುತ್ತ ಹೆದರುತ್ತಲೇ ಊದಿ ತಲೆಗೂದಲು ನರೆಸಿಕೊಂಡಳು.

ಮಗಳೂ ಅದೇ ಕಾಲೇಜಿನಲ್ಲಿ ಓದುತ್ತಿದ್ದಳು. "ಅಷ್ಟು ಭಯ ಇದ್ರೆ ಗಾಳಿ ಯಾಕಮ್ಮ ತೆಗೀಬೇಕು? ಇದ್ರೆ ಯಾರ ಗಂಟು ಹೋಗತ್ತೆ?" ಎಂದು ಒಮ್ಮೆ ಕೇಳಿದ್ದಳು.

"ಬೆಳಕು ಬಿದ್ರೆ ಲೋಹದಿಂದ ಎಲೆಕ್ಟ್ರಾನು ಹೊರಡತ್ತೆ ಕಣೇ. ದಾರಿ ತುಂಬ ಗಾಳಿ ಇದ್ರೆ ಅದಕ್ಕೆ ಇದಕ್ಕೆ ಡಿಕ್ಕಿ ಹೊಡೆದು ಎಲ್ಲೋ ಹೋಗತ್ತೆ, ಎದುರಿನ ತಟ್ಟೆ ಮುಟ್ಟಲ್ಲ. ಸಾಲದ್ದಕ್ಕೆ ಒಳಗಿರೋ ಲೋಹ ಈ ಸೋಡಿಯಂ, ಗಾಳಿ ತಾಕಿದ್ರೆ ಸಾಕು, ಪೊರೆ ಕಟ್ಟಿ ಮಂಕಾಗತ್ತೆ. ಆಮೇಲೆ ದೀಪ ಹಾಕಿದ್ದೇ ಬಂತು."

ಪ್ರಾಯೋಗಿಕ ಪರೀಕ್ಷೆಯಲ್ಲಿ ಮಗಳಿಗೆ ಬೆಳಕು ಬಿಟ್ಟು ಎಲೆಕ್ಟ್ರಾನು ಹೊರಡಿಸುವ ಇದೇ ಪ್ರಯೋಗ ಬಂತು. ಗಾಜಕ್ಕ ಅಂದು ಎಂದೂ ಇಲ್ಲದೆ, ಮಗಳಿಗೆ ಒಳ್ಳೆಯದಾಗಲೆಂದು, ಕಲ್ಲಿನ ಉಂಗುರ ತೊಟ್ಟು ಬಂದಿದ್ದಳು. ಗಾಜಿನವರ ಬೆರಳಿಗೆ ಉಂಗುರ ಸಲ್ಲದೆಂದು ಅವಳಿಗೆ ಗೊತ್ತಿಲ್ಲವೇ? ಮಗಳ ಪರೀಕ್ಷೆ ಎಂದರೆ ತಾಯಿಯ ಬುದ್ಧಿ ನೆಟ್ಟಗಿರಬೇಕಲ್ಲ! ಚೂರು ಸಿಡಿಯದಂತೆ ಬುರುಡೆಯ ಮೇಲೆ ಮುಚ್ಚಿದ್ದ ತಂತಿ ಪಂಜರ ತೆಗೆದು ಗಾಜನ್ನು ಫಳಫಳ ಒರೆಸಿದಳು. ಪಂಜರ ಮತ್ತೆ ಮುಚ್ಚಲು ಮರೆತಳು.

ಕೋಣೆ ಕತ್ತಲಾಯಿತು, ದೀಪ ಹೊತ್ತಿತು, ಮೀಟರಿನ ಮುಳ್ಳು ಮೇಲೇರಿತು. ಮಗಳು ಬುರುಡೆಯ ಪಕ್ಕಕ್ಕೇ ಬಾಗಿ ಮುಳ್ಳನ್ನು ನೋಡುತ್ತಿದ್ದಳು. ಆಗ ಆ ಬೆಳಕಿನಲ್ಲಿ ಗಾಜಿನ ಮೇಲೊಂದು ಗೀರು ಮಿನುಗಿತು. ಗೀರಿನ ತುದಿಯಿಂದ ಕೂದಲೆಳೆಯಂಥ ಬಿರುಕು ಹೊರಟಿತ್ತು. ಮಗಳ ಮುಖ ಅದರಿಂದ ಒಂದು ಗೇಣು ದೂರ.

ಮೇಜಿನ ಹಿಂದೆ ನಿಂತಿದ್ದ ಗಾಜಕ್ಕ ಅದನ್ನು ಕಂಡಳು. ಕೂಗೋಣವೆಂದರೆ ಹುಡುಗಿ ಸಣ್ಣ ಸದ್ದಿಗೂ ಹೌಹಾರುವವಳು. ಮೊಣಕೈ ಬುರುಡೆಗೇ ಬಡಿದೀತು. ಉಳಿದದ್ದು ಒಂದೇ ದಾರಿ, ಒಳಗೆ ಗಾಳಿ ಬಿಡುವುದು. ಬಿಟ್ಟರೆ ಮಗಳ ಪರೀಕ್ಷೆ ಮುಗಿದಂತೆ. ಒಮ್ಮೆಲೇ ಬಿಟ್ಟರೆ ಬುರುಡೆಯೇ ಒಡೆದೀತು. ಮೇಜಿನ ಹಿಂದೆ ಇದ್ದ, ಗಾಳಿ ಬಿಡುವ ತಿರುಪಿಗೆ ಕೈ ಹಾಕಿದಳು. ಎಳ್ಳಷ್ಟೆಳ್ಳಷ್ಟೇ ತಿರುಗಿಸಿದಳು. ಉಸಿರು ಬಿಟ್ಟಂಥ ಸಣ್ಣ ಸದ್ದು. ಹೊಳೆಯುತ್ತಿದ್ದ ಸೋಡಿಯಂ ಬೂದಿಯ ಬಣ್ಣಕ್ಕೆ ತಿರುಗಿತು. ಮುಳ್ಳು ಸೊನ್ನೆಗೆ ಬಂದು ಕೂತಿತು.

"ಅಮ್ಮಾ! ಏನ್ ಮಾಡ್ದೆ? ನನ್ ಪರೀಕ್ಷೆ!"

"ಮುಟ್ಟೋಕೆ ಯಾರಮ್ಮ ಹೇಳಿದ್ರು ನಿಮಗೆ?" ಎಂದು ಪರೀಕ್ಷಕರು ದಡಬಡ ಎದ್ದು ಬಂದರು.

ಗಾಜಕ್ಕ ಮಗಳನ್ನು ರಟ್ಟೆ ಹಿಡಿದು ಈಚೆಗೆಳೆದು ದೀಪವನ್ನು ಬುರುಡೆಯತ್ತ ತಿರುಗಿಸಿದಳು. ಬಿರುಕು ಆಗಲೇ ಅರ್ಧ ಸುತ್ತು ಹಾಕಿತ್ತು. ಪರೀಕ್ಷಕರು ಎರಡು ಹೆಜ್ಜೆ ಹಿಂದೆ ಸರಿದರು.

"ನನ್ ಉಂಗುರದ್ದೇ ಗೀರು, ಸಾರ್," ಎಂದಳು.

ಮಗಳಿಗೆ ಅದೆಲ್ಲ ಕಿವಿಗೆ ಬೀಳಲಿಲ್ಲ. ಒಂದು ವರ್ಷ ಹೋಯಿತೆಂದು ಬಿಕ್ಕಿ ಬಿಕ್ಕಿ ಅತ್ತಳು. ಗಾಜಕ್ಕ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಒಂದು ಕಣ್ಣು ನೋಡಿದಳು, ಇನ್ನೊಂದು ನೋಡಿದಳು. ಎರಡರಿಂದಲೂ ಧಾರಾಕಾರ ನೀರು.

"ಅಳು ಮಗಳೇ," ಎಂದಳು, "ಎರಡೂ ಕಣ್ಣಲ್ಲಿ ಅಳು."