ಅಣ್ಣ ಮಾಡದ ಪ್ರಮಾಣ

ನಂಜನಗೂಡಿನಲ್ಲಿ ಟಿ. ನರಸೀಪುರದ ಬಸ್ಸು ಹತ್ತಿ ಕುಳಿತಿದ್ದೆ. ಪಕ್ಕದ ಹೆಂಗಸು ಪ್ರಸಾದದ ಚೀಲ ಬಿಚ್ಚಿದಳು. ಒಳಗಿದ್ದ ಕರ್ಪೂರದ ವಾಸನೆ ಒಂದೇ ಸಲಕ್ಕೆ ಮುಖಕ್ಕೆ ಹೊಡೆಯಿತು. ನಾನು ಸೆರಗನ್ನು ಮೂಗಿಗೆ ಹಿಡಿದು ಕಿಟಕಿಯ ಕಡೆ ತಿರುಗಿದೆ. "ಯಾಕವ್ವಾ, ವಾಂತಿ ಬತ್ತದಾ?" ಎಂದು ಕೇಳಿ ಆಕೆ ಒಂದು ನಿಂಬೆಹಣ್ಣು ಕೊಟ್ಟಳು. ಹೌದು ಎಂದೆ. ಬೇರೆ ಏನು ಹೇಳಲಿ... ಅವತ್ತಿಗೆ ಅಣ್ಣ ತೀರಿಕೊಂಡು ಒಂದು ವರ್ಷ ತುಂಬಿತ್ತು. ಅತ್ತಿಗೆಯ ಮನೆಯಲ್ಲಿ ಬುದ್ಧನ ಪಕ್ಕ ಇಟ್ಟಿದ್ದ ಅವನ ಫೋಟೋಗೆ ಮೇಣದಬತ್ತಿ ಹಚ್ಚಿ, ಊಟ ಮಾಡಿ ವಾಪಸು ಬರುತ್ತಿದ್ದೆ.

ಅಣ್ಣ ನಮ್ಮೂರಿನ ನೀರುಗಂಟಿಯಾಗಿದ್ದ. ಬೆಳಿಗ್ಗೆ ಮೋಟಾರು ಹಾಕಿ ಟ್ಯಾಂಕು ತುಂಬಿಸಿ, ಬೀದಿಗಳಿಗೆ ನೀರು ಬಿಡುವ ಕೆಲಸ. ಊರಿನಲ್ಲಿ ಇದ್ದದ್ದು ಎರಡು ಬೀದಿ. ನಾವು ಕೆಳಗಿನ ಬೀದಿಯವರು. ಅಣ್ಣನಿಗಿಂತ ಮುಂಚೆ ಇದ್ದವನು ಮೇಲಿನ ಬೀದಿಯ ಹಂಡೆ, ತೊಟ್ಟಿ ಎಲ್ಲ ತುಂಬುವ ತನಕ ಬಿಟ್ಟು, ಉಳಿದರೆ ನಮಗೆ ತಿರುಗಿಸುತ್ತಿದ್ದ. ಅಣ್ಣ ಕೈಗಡಿಯಾರ ನೋಡಿಕೊಂಡು ಅವರಿಗೆ ಮುಕ್ಕಾಲು ಗಂಟೆ, ನಮಗೆ ಮುಕ್ಕಾಲು ಗಂಟೆ ಬಿಡಲು ಶುರುಮಾಡಿದ. ಊರ ಯಜಮಾನರು ಕರೆಸಿ, "ಸಮವಾಗಿ ಬುಡು ಅಂತ ನಿಂಗೆ ಯಾರ್ಲಾ ಏಳಿದ್ದು?" ಎಂದು ಕೇಳಿದರಂತೆ. "ಯಾರೂ ಏಳ್ನಿಲ್ಲ ಬುದ್ಧಿ. ನಿಮ್ ಬೀದೀಲಿ ಬಾಯಾರ್ಕೆ ಜಾಸ್ತಿ ಆದ್ರೆ ಏಳಿ, ನಮ್ಮನೆ ಬಿಂದಿಗೇಲೇ ತಂದ್ಕೊಡ್ತೀನಿ" ಎಂದನಂತೆ ಅಣ್ಣ. ಕೆಳಗಿನ ಬೀದಿಯಲ್ಲಿ ನಾವು ಇದನ್ನು ಹೇಳಿಕೊಂಡು ಎಷ್ಟೋ ದಿನ ನಕ್ಕಿದ್ದೆವು. ಮೇಲಿನ ಬೀದಿಯಲ್ಲಿ ಯಾರೂ ನಗಲಿಲ್ಲ.

ಬುದ್ಧನ ಕಡೆ ಹೋದ ಮೇಲೆ ಅವನು ಮನೆಯಲ್ಲಿದ್ದ ದೇವರ ಫೋಟೋಗಳನ್ನು ಇಳಿಸಿಬಿಟ್ಟ. ಅವ್ವ ಅತ್ತಳು, ಮನೆಗೆ ಏನಾದರೂ ಆದೀತು ಎಂದಳು. "ಫೋಟೋ ಇದ್ದಾಗ್ಲೂ ಮನೆ ಸೋರ್ತಿತ್ತು, ಈಗ್ಲೂ ಸೋರ್ತದೆ. ಸಾಮೀದೇನೂ ತಪ್ಪಿಲ್ಲ ಬುಡವ್ವಾ, ಎಂಚು ಒಡ್ದೋಗದೆ" ಎಂದ. ನನಗೆ ಮಾತ್ರ ಅವನ ಈ ಮಾತುಗಳನ್ನು ಕೇಳಿದರೆ ಭಯವಾಗುತ್ತಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು; ಸೋಮವಾರ ಒಪ್ಪತ್ತು ಇರುತ್ತಿದ್ದೆ, ಈಗಲೂ ಇರುತ್ತೇನೆ. ಒಂದು ಸಲ ಅವನಿಗೆ ಬುದ್ಧಿ ಹೇಳಲು ಹೋದೆ. "ಅವ್ರ ಜೊತೆ ಯಾಕಣ್ಣ ಜಗ್ಳ? ದೇವ್ರು ಎಲ್ಲಾರ್ನೂ ಒಂದೇ ತರ ಉಟ್ಟಿಸವ್ನೆ ಅಂತ ಏಳು, ಒಪ್ಕತಾರೆ" ಎಂದೆ. ಅವನು ಬೀಡಿ ಆರಿಸಿ ನಕ್ಕ.

"ದೇವ್ರು ಕೊಟ್ಟ ಅಂದ್ರೆ, ದೇವ್ರು ವಾಪಸ್ ಇಸ್ಕೊಂಡ ಅನ್ನಕೆ ಇನ್ನೊಬ್ಬ ಬತ್ತಾನೆ ಕೂಸೇ. ಇದು ಯಾರೂ ಕೊಟ್ಟಿದ್ದಲ್ಲ. ಉಟ್ತಾ ತಂದಿದ್ದು."

ನನ್ನನ್ನು ನಮ್ಮ ಕೆಳಗಿನ ಬೀದಿಗೇ ಮದುವೆ ಮಾಡಿ ಕೊಟ್ಟಿದ್ದರು. ಮಗನಿಗೆ ಎಂಟು ತಿಂಗಳಾಗಿತ್ತು. ಗಂಡ ಕಬ್ಬು ಕಡಿಯಲು ಬೇರೆ ಊರಿಗೆ ಹೋಗಿದ್ದ ಹೊತ್ತಿನಲ್ಲಿ ಮಗುವಿಗೆ ಜೋರು ಜ್ವರ ಬಂತು. ಕೆಳಗೆ ಮಲಗಿಸಿದರೆ ಕಿರುಚುತ್ತಿತ್ತು. ಅಣ್ಣ ಬಂದು ಅದನ್ನು ಹೆಗಲಿಗೆ ಹಾಕಿಕೊಂಡು, ಬೆಳಗಾಗುವ ತನಕ ನಮ್ಮ ಪಡಸಾಲೆಯಲ್ಲೇ ಓಡಾಡಿದ. ನಡುವೆ ನನಗೆ ಸ್ವಲ್ಪ ಹೊತ್ತು ಜೊಂಪು ಹತ್ತಿತು. ಕಣ್ಣು ಬಿಟ್ಟಾಗ ಜ್ವರ ಇಳಿದು ಮಗು ಬೆವರಿತ್ತು, ಅಣ್ಣನ ಅಂಗಿಯ ಹೆಗಲು ಪೂರ್ತಿ ಒದ್ದೆಯಾಗಿತ್ತು.

ಆ ಬೆಳಿಗ್ಗೆ ನೋಡಿದರೆ, ರಾತ್ರಿ ಮೋಟಾರು ಮನೆಯ ತಾಮ್ರದ ಕೇಬಲ್ ಕಳುವಾಗಿತ್ತು. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಅದರ ಒಂದು ಬೀಗದ ಕೈ ಅಣ್ಣನ ಉಡಿದಾರದಲ್ಲಿ, ಇನ್ನೊಂದು ಪಂಚಾಯಿತಿಯಲ್ಲಿ. ಪಂಚಾಯಿತಿಯದ್ದು ಯಾರ ಕೈಯಲ್ಲಿತ್ತು ಎಂದು ಒಬ್ಬರೂ ಕೇಳಲಿಲ್ಲ.

ನಮ್ಮೂರಿನಲ್ಲಿ ಕಳ್ಳತನದ ಮಾತು ಬಂದರೆ ಪೊಲೀಸರವರೆಗೆ ಹೋಗುತ್ತಿರಲಿಲ್ಲ. ದೇವಸ್ಥಾನದ ಮೆಟ್ಟಿಲ ಮೇಲೆ ವೀಳ್ಯದೆಲೆ ಇಟ್ಟು, ಅದರಲ್ಲಿ ಕರ್ಪೂರ ಹಚ್ಚುತ್ತಿದ್ದರು. ಅನುಮಾನ ಇರುವವನು "ನಾನು ಮಾಡಿಲ್ಲ" ಎಂದು ಹೇಳಿ ಅಂಗೈಯಿಂದ ಅದನ್ನು ಆರಿಸಬೇಕು. ಸುಳ್ಳು ಹೇಳಿದ್ದರೆ ಮೂರು ಅಮಾವಾಸ್ಯೆಯೊಳಗೆ ದೇವರು ಕೇಳುತ್ತಾನೆ ಎಂಬ ನಂಬಿಕೆ. ನಮ್ಮ ಬೀದಿಯವರನ್ನು ಆ ಮೆಟ್ಟಿಲು ಹತ್ತಿಸುತ್ತಿದ್ದದ್ದು ಈ ಪ್ರಮಾಣಕ್ಕೆ ಮಾತ್ರ.

ಅಣ್ಣ ಹತ್ತಲಿಲ್ಲ. ಕೆಳಗೇ ನಿಂತು ಹೇಳಿದ: "ಪೂಜೆಗೆ ಬ್ಯಾಡ್ದಿರೋ ಕೈ ಪ್ರಮಾಣಕ್ಕೆ ಯಾಕ್ ಬುದ್ಧಿ? ಟೇಸನ್ನಿಗೆ ಕಂಪ್ಲೇಂಟ್ ಕೊಡಿ, ಬತ್ತೀನಿ. ಕೋರ್ಟಿಗೆ ಎಳೀರಿ, ಬತ್ತೀನಿ. ನಾನು ಕದ್ದಿಲ್ಲ. ನನ್ ಮಾತು ಸಾಲ್ದು ಅಂದ್ರೆ ನಾನು ಮನ್ಸನೇ ಅಲ್ಲ ಅಂದಂಗಾಯ್ತು."

"ದೇವ್ರಿಲ್ಲ ಅನ್ನೋನ ಮಾತು ಯಾತರ ಮಾತ್ಲಾ?" ಎಂದರು ಯಜಮಾನರು. "ಎದ್ರಿಕೆ ಇಲ್ದೋನು ಏನ್ ಬೇಕಾದ್ರೂ ಮಾಡ್ತಾನೆ."

ನಾನು ಮಗುವನ್ನು ಎತ್ತಿಕೊಂಡು ಹೆಂಗಸರ ನಡುವೆ ನಿಂತಿದ್ದೆ. ಹೇಗೆ ಧೈರ್ಯ ಬಂತೋ, ಮುಂದೆ ಬಂದೆ. "ಅಣ್ಣ ನಮ್ಮನೇಲಿದ್ದ ಬುದ್ಧೀ. ಬೆಳ್ಗಾಗೋಗಂಟ ನನ್ ಕೂಸ್ನ ಎತ್ಕಂಡಿದ್ದ."

"ಅಂಗಾದ್ರೆ ಒಡುಟ್ದೋಳು ನೀನೇ ಬಂದು ಆರ್ಸು. ಸುಳ್ಳಾದ್ರೆ ಸಾಮಿ ನಿನ್ ಕೂಸ್ನೇ ಕೇಳ್ಕತಾನೆ, ತಿಳ್ಕೊ."

ಅಣ್ಣ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಏಳಿದ್ದಾಯ್ತಲ್ಲ ಕೂಸೇ. ಅಷ್ಟೇ ಸಾಕು, ಬಾ ಮನೆಗೋಗದ."

ಆಗ ಅವನ ಹಿಂದೆ ಹೊರಟುಬಿಟ್ಟಿದ್ದರೆ... ಹೊರಡಲಿಲ್ಲ. ಮೆಟ್ಟಿಲು ಹತ್ತಿದೆ. ಮಗು ಎಡಗೈಯಲ್ಲಿತ್ತು. ಬಲಗೈ ಚಾಚಿದೆ. ಅಂಗೈಗೆ ಬಿಸಿ ತಾಗಿದ ಕೂಡಲೇ ಯಜಮಾನರ ಮಾತು ನನ್ನೊಳಗೆ ತಿರುಗಿತು. ಎದ್ರಿಕೆ ಇಲ್ಲದವನು ಏನು ಬೇಕಾದರೂ ಮಾಡುತ್ತಾನೆ. ಜೊಂಪು ಹತ್ತಿದಾಗ ನಾನು ನೋಡಿದ್ದೆನಾ? ಆ ಹೊತ್ತಿನಲ್ಲಿ ಅವನು ಹೋಗಿ ಬಂದಿದ್ದರೆ? ಒದ್ದೆಯಾದ ಹೆಗಲು ನನ್ನ ಕಣ್ಣ ಮುಂದೆಯೇ ಇತ್ತು. ಅವನು ಕೆಳಗಿಳಿಸಿದ್ದರೆ ಮಗು ಕಿರುಚಿ ಬೀದಿಯನ್ನೇ ಎಬ್ಬಿಸುತ್ತಿತ್ತು ಎಂಬುದೂ ಗೊತ್ತಿತ್ತು. ಎಲ್ಲ ಗೊತ್ತಿದ್ದೂ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

"ಯಾಕವ್ವಾ? ನಿದ್ದೆಗಿದ್ದೆ ಬಂದಿತ್ತಾ?" ಎಂದರು ಯಜಮಾನರು. ಬಹಳ ಮೆದುವಾಗಿ ಕೇಳಿದರು.

"ಒಸಿ ಒತ್ತು..." ಎಂದೆ.

ಗುಂಪಿನಲ್ಲಿ ಯಾರೋ ಉಸಿರು ಬಿಟ್ಟಿದ್ದು ಕೇಳಿಸಿತು. ಕರ್ಪೂರ ತಾನಾಗಿಯೇ ಉರಿದು ಮುಗಿಯಿತು. ಅಣ್ಣ ನನ್ನ ಮುಖ ನೋಡಲಿಲ್ಲ, ನನ್ನ ಕೈಯನ್ನೇ ನೋಡಿದ. ಆಮೇಲೆ ಉಡಿದಾರದಿಂದ ಬೀಗದ ಕೈ ಬಿಚ್ಚಿ ಮೆಟ್ಟಿಲ ಮೇಲಿಟ್ಟು ಹೊರಟುಹೋದ. ಮಾರನೆಯ ವಾರದಿಂದ ಮೇಲಿನ ಬೀದಿಗೆ ಮತ್ತೆ ತೊಟ್ಟಿ ತುಂಬುವವರೆಗೂ ನೀರು ಹೋಗತೊಡಗಿತು. ನಮ್ಮ ಬೀದಿಯ ಹೆಂಗಸರು ನಲ್ಲಿಯ ಹತ್ತಿರ ನನ್ನನ್ನು ಏನೂ ಅನ್ನಲಿಲ್ಲ. ನಾನು ಬಂದರೆ ಮಾತು ನಿಲ್ಲಿಸುತ್ತಿದ್ದರು.

ಅಣ್ಣ ಹೆಂಡತಿಯನ್ನೂ ಅವ್ವನನ್ನೂ ಕರೆದುಕೊಂಡು ನಂಜನಗೂಡಿಗೆ ಹೋಗಿ ಒಂದು ಫ್ಯಾಕ್ಟರಿಯಲ್ಲಿ ವಾಚ್‌ಮನ್ ಆದ. ಮತ್ತೆ ಊರಿಗೆ ಕಾಲಿಡಲಿಲ್ಲ. ನಾನೇ ವರ್ಷಕ್ಕೆ ಒಂದೆರಡು ಸಲ ಹೋಗುತ್ತಿದ್ದೆ. "ಕೂಸು ಎಂಗದೆ? ಮೀಸೆ ಬಂತಾ?" ಎಂದು ನನ್ನ ಮಗನನ್ನೇ ಕೇಳುತ್ತಿದ್ದ. ಒಂದು ದಿನವೂ ಆ ಮೆಟ್ಟಿಲ ಮಾತು ಎತ್ತಲಿಲ್ಲ. ಬೈದಿದ್ದರೆ ನಾನು ಕಾಲಿಗೆ ಬೀಳಬಹುದಿತ್ತು. ಅವನು ಟೀ ತರಿಸುತ್ತಿದ್ದ, ನಾನು ಕುಡಿದು ಬರುತ್ತಿದ್ದೆ. ಹತ್ತೊಂಬತ್ತು ವರ್ಷ ಹೀಗೇ ನಡೆಯಿತು. ಮನೆಯಲ್ಲಿ ನೀರು ಹಿಡಿಯುವಾಗ, ಅಕ್ಕಿ ತೊಳೆಯುವಾಗ, ಯಾರೋ ಹಿಂದೆ ನಿಂತು ನನ್ನ ಬಲಗೈಯನ್ನು ನೋಡುತ್ತಿದ್ದಾರೆ ಎನ್ನಿಸುತ್ತದೆ. ತಿರುಗಿದರೆ ಯಾರೂ ಇರುವುದಿಲ್ಲ...

ಮೂರು ಅಮಾವಾಸ್ಯೆ ಕಳೆದವು, ಮೂವತ್ತೂ ಕಳೆದವು. ಕೇಬಲ್ ಕದ್ದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ದೇವರು ಯಾರನ್ನೂ ಕೇಳಲಿಲ್ಲ. ನಾನು ದೇವರನ್ನು ಬಿಟ್ಟಿಲ್ಲ. ಆದರೆ ಅವತ್ತು ಅಣ್ಣ ನನ್ನಲ್ಲಿ ಕೇಳಿದ್ದು ದೇವರನ್ನಲ್ಲ. ನನ್ನ ಕಣ್ಣು ಕಂಡದ್ದನ್ನು ಹೇಳಿ, ಅದರ ಜೊತೆ ನಿಲ್ಲುವುದನ್ನು, ಅಷ್ಟೇ. ಅಷ್ಟಕ್ಕೂ ನನಗೆ ದೇವರ ಅಪ್ಪಣೆ ಬೇಕಾಯಿತು.

ಬಸ್ಸು ಹತ್ತುವ ಮುಂಚೆ ಇದನ್ನೆಲ್ಲ ಅತ್ತಿಗೆಗೆ ಹೇಳಿದ್ದೆ. ಜೊಂಪು, ಒದ್ದೆ ಹೆಗಲು, ಗೊತ್ತಿದ್ದೂ ಕೈ ಹಿಂದೆ ತೆಗೆದದ್ದು, ಎಲ್ಲ. ಆಕೆ ತಟ್ಟೆ ತೊಳೆಯುತ್ತಲೇ ಕೇಳಿದಳು. "ನಂಗ್ಯಾಕ್ ಏಳ್ತೀಯವ್ವಾ? ನಾನು ಯಾವತ್ತಾದ್ರೂ ಅವ್ರನ್ನ ಕಳ್ಳ ಅಂದಿದ್ನಾ? ಅಂದೋರಿಗೆ ಏಳೋಗು."

ಊರಿನಲ್ಲಿ ಇಳಿದಾಗ ಸಂಜೆಯಾಗಿತ್ತು. ಯಜಮಾನರು ಈಗಿಲ್ಲ. ಅವರ ಮಗ ಅರಳಿಕಟ್ಟೆಯ ಮೇಲೆ ನಾಲ್ಕೈದು ಜನರ ಜೊತೆ ಕೂತಿದ್ದರು. ನಾನು ಎದುರಿಗೆ ಹೋಗಿ ನಿಂತು, "ಮೋಟ್ರು ಕೇಬಲ್ಲು ನಮ್ಮಣ್ಣ ಕದ್ದಿಲ್ಲ. ಅವತ್ತು ಅವ್ನು ಎಲ್ಗೂ ಓಗಿಲ್ಲ. ನಂಗೆ ಗೊತ್ತಿತ್ತು" ಎಂದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇದೇನವ್ವಾ, ಸತ್ತೋದೋನ ಪಂಚಾಯ್ತಿ ಈಗ?" ಎಂದ ಒಬ್ಬ. ಯಜಮಾನರ ಮಗ ಕೇಳಿದರು, "ಪ್ರಮಾಣ ಮಾಡ್ತೀಯಾ?"

"ಇಲ್ಲ. ಏಳ್ತಾ ಇದೀನಲ್ಲ, ಅಷ್ಟೇ."

"ನೋಡ್ರಪ್ಪಾ, ಅಣ್ಣನ ತರಾನೇ ಮಾತಾಡ್ತಾಳೆ" ಎಂದು ಯಾರೋ ನಕ್ಕರು. ಉಳಿದವರು ನಗಲಿಲ್ಲ.

ಮನೆಗೆ ನಡೆದು ಬಂದೆ. ಹೇಳುವುದಕ್ಕೆ ಒಂದು ನಿಮಿಷವೂ ಹಿಡಿದಿರಲಿಲ್ಲ. ಅಣ್ಣ ಬದುಕಿದ್ದ ಅಷ್ಟು ವರ್ಷಗಳಲ್ಲಿ ಆ ಒಂದು ನಿಮಿಷ ನನಗೆ ಸಿಗಲಿಲ್ಲ.